ನಲವತ್ತು ದಾಟಿದ ಮೇಲೆ ಕೊಲೆಸ್ಟ್ರಾಲ್: ಪರೀಕ್ಷೆ ಮಾಡಿಸುವುದರಿಂದ ಹತೋಟಿಗೆ ತರುವವರೆಗೆ

ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಮೈಗೆ ಏನೂ ಗೊತ್ತಾಗುವುದಿಲ್ಲ. ತಲೆ ಸುತ್ತುವುದಿಲ್ಲ, ನೋವಿರುವುದಿಲ್ಲ, ಸುಸ್ತೂ ಆಗುವುದಿಲ್ಲ. ಹಾಗಾಗಿ ಎಷ್ಟೋ ಜನ ಐವತ್ತು ವರ್ಷ ಆಗುವವರೆಗೂ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಇನ್ನು ಕೆಲವರು ರಿಪೋರ್ಟ್‌ನಲ್ಲಿ ಒಂದು ಸಂಖ್ಯೆ ದಪ್ಪ ಅಕ್ಷರದಲ್ಲಿ ಕಂಡ ಕೂಡಲೇ ಗಾಬರಿಯಾಗಿ ಒಂದು ತಿಂಗಳು ಎಣ್ಣೆ, ಮೊಟ್ಟೆ ಎಲ್ಲ ಬಿಟ್ಟು, ಆಮೇಲೆ ಮರೆತುಬಿಡುತ್ತಾರೆ. ಎರಡೂ ಪ್ರಯೋಜನವಿಲ್ಲ.

ಇಲ್ಲಿ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಿಪೋರ್ಟ್‌ನ ಸಂಖ್ಯೆ ಒಂದನ್ನೇ ನೋಡಿ ಏನೂ ತೀರ್ಮಾನ ಮಾಡಬೇಡಿ. ಆ ಸಂಖ್ಯೆ ಯಾರದು, ಅವರ ವಯಸ್ಸೆಷ್ಟು, ಬಿಪಿ ಎಷ್ಟು, ಸಿಗರೇಟ್ ಇದೆಯಾ, ಶುಗರ್ ಇದೆಯಾ, ಮನೆತನದಲ್ಲಿ ಹೃದಯದ ಕಾಯಿಲೆ ಇದೆಯಾ, ಎಷ್ಟು ವರ್ಷದಿಂದ ಅದು ಹಾಗೇ ಇದೆ ಅನ್ನುವುದೆಲ್ಲ ಸೇರಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಕೆಳಗಿರುವ ಹೆಜ್ಜೆಗಳೆಲ್ಲ ಇದೇ ಲೆಕ್ಕದಲ್ಲಿ ಹೋಗುತ್ತವೆ.

ಹೆಜ್ಜೆ 1: ಪರೀಕ್ಷೆ ಯಾವಾಗ ಮಾಡಿಸಬೇಕು

ನಿಮಗೆ ನಲವತ್ತು ದಾಟಿದ್ದು, ಇದುವರೆಗೆ ಒಂದು ಸಲವೂ ಲಿಪಿಡ್ ಪ್ರೊಫೈಲ್ (ರಕ್ತದಲ್ಲಿರುವ ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಪರೀಕ್ಷೆ) ಮಾಡಿಸಿಲ್ಲವಾದರೆ ಈಗಲೇ ಮಾಡಿಸಿ. ಎಲ್ಲ ಸರಿಯಿದ್ದು ಬೇರೆ ತೊಂದರೆಗಳಿಲ್ಲದವರಿಗೆ ನಾಲ್ಕೈದು ವರ್ಷಕ್ಕೊಮ್ಮೆ ಸಾಕು. ಶುಗರ್, ಬಿಪಿ, ಧೂಮಪಾನ, ಕಿಡ್ನಿ ತೊಂದರೆ ಇದ್ದವರು, ಮನೆಯಲ್ಲಿ ಗಂಡಸರಿಗೆ 55ರೊಳಗೆ ಅಥವಾ ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿದ್ದವರು ಅಷ್ಟು ಕಾಯಬಾರದು. ಎಷ್ಟು ದಿನಕ್ಕೊಮ್ಮೆ ಅಂತ ವೈದ್ಯರನ್ನೇ ಕೇಳಿ.

ಹೆಂಗಸರಿಗೆ ಒಂದು ಮಾತು. ಮುಟ್ಟು ನಿಲ್ಲುವ ಸಮಯದಲ್ಲಿ ಈಸ್ಟ್ರೋಜನ್ ಕಡಿಮೆಯಾಗುತ್ತದೆ, ಅದರ ಜೊತೆಗೆ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ನಲವತ್ತೆರಡರಲ್ಲಿ ಚೆನ್ನಾಗಿದ್ದ ರಿಪೋರ್ಟ್ ಐವತ್ತೆರಡರಲ್ಲೂ ಹಾಗೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಊಟ ಬದಲಾಗಿಲ್ಲ, ತೂಕ ಏರಿಲ್ಲ, ಆದರೂ ಸಂಖ್ಯೆ ಏರಿದೆ ಅಂದರೆ ಅದು ನಿಮ್ಮ ತಪ್ಪಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ.

ಹೆಜ್ಜೆ 2: ರಕ್ತ ಕೊಡುವ ಮುಂಚೆ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಪರೀಕ್ಷೆಗೆ ಉಪವಾಸ ಕಡ್ಡಾಯ ಅಲ್ಲ. ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟ್ರಾಲ್ ಊಟದಿಂದ ಹೆಚ್ಚೇನೂ ಬದಲಾಗುವುದಿಲ್ಲ. ಊಟದ ಮೇಲೆ ಏರುವುದು ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು. ಅದು 400 ದಾಟಿದರೆ ಉಪವಾಸದಲ್ಲಿ ಇನ್ನೊಮ್ಮೆ ಮಾಡಿಸಬೇಕಾಗುತ್ತದೆ. ವೈದ್ಯರು ಉಪವಾಸ ಇರಲು ಹೇಳಿದ್ದರೆ 9ರಿಂದ 12 ಗಂಟೆ ಸಾಕು. ನೀರು ಕುಡಿಯಬಹುದು, ಕುಡಿಯಲೇಬೇಕು ಕೂಡ, ಇಲ್ಲದಿದ್ದರೆ ರಕ್ತನಾಳ ಸಿಗುವುದೇ ಕಷ್ಟ. ಹಾಲು ಸಕ್ಕರೆ ಹಾಕಿದ ಕಾಫಿ, ಟೀ ಮಾತ್ರ ಬೇಡ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಇರುವ ಮುಂಚೆ ಡೋಸ್ ಹೇಗೆ ಅಂತ ಕೇಳಿಕೊಳ್ಳಿ.

ಹಿಂದಿನ ಒಂದೆರಡು ದಿನ ಮದ್ಯ ಬೇಡ, ಅದು ಟ್ರೈಗ್ಲಿಸರೈಡ್ ಏರಿಸುತ್ತದೆ. ಜ್ವರ, ಸೋಂಕು, ಆಪರೇಷನ್ ಆಗಿ ಸ್ವಲ್ಪ ದಿನವಷ್ಟೇ ಆಗಿದ್ದರೆ ಕೆಲವು ವಾರ ಬಿಟ್ಟು ಮಾಡಿಸಿ. ಕಾಯಿಲೆಯಲ್ಲಿ ಎಲ್‌ಡಿಎಲ್ ತಾತ್ಕಾಲಿಕವಾಗಿ ಇಳಿದಿರುತ್ತದೆ, ರಿಪೋರ್ಟ್ ಸುಳ್ಳು ಸಮಾಧಾನ ಕೊಡುತ್ತದೆ.

ಪರೀಕ್ಷೆ ಇದೆ ಅಂತ ಎರಡು ವಾರ ಪಥ್ಯ ಮಾಡಿ ಹೋಗಬೇಡಿ. ನಿಮ್ಮ ದಿನನಿತ್ಯದ ಊಟದಲ್ಲಿ ಸಂಖ್ಯೆ ಎಷ್ಟು ಅಂತ ತಿಳಿಯುವುದಕ್ಕೇ ಅಲ್ವಾ ರಕ್ತ ಕೊಡುವುದು? ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಹಳೆಯದಕ್ಕೂ ಹೊಸದಕ್ಕೂ ಹೋಲಿಸುವುದು ಸುಲಭ.

ಹೆಜ್ಜೆ 3: ರಿಪೋರ್ಟ್ ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ರಿಪೋರ್ಟ್‌ನಲ್ಲಿ ಐದಾರು ಸಾಲು ಇರುತ್ತವೆ. ಈ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಕೆಲವು ದೇಶಗಳಲ್ಲಿ ಮಿಲಿಮೋಲ್ ಲೆಕ್ಕ ಇರುತ್ತದೆ. ಅಲ್ಲಿನ ಕೊಲೆಸ್ಟ್ರಾಲ್ ಸಂಖ್ಯೆಯನ್ನು 38.67ರಿಂದ ಗುಣಿಸಿದರೆ ಮಿಲಿಗ್ರಾಂ ಸಿಗುತ್ತದೆ. ಟ್ರೈಗ್ಲಿಸರೈಡ್ ಆದರೆ 88.57ರಿಂದ ಗುಣಿಸಬೇಕು.

ಒಟ್ಟು ಕೊಲೆಸ್ಟ್ರಾಲ್ 200ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 240 ದಾಟಿದರೆ ಜಾಸ್ತಿ ಅನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಸಾಲಿಗೆ ಸಿಗಬೇಕಾದ್ದಕ್ಕಿಂತ ಜಾಸ್ತಿ ಗಮನ ಸಿಗುತ್ತದೆ. ಒಳ್ಳೆಯದು ಕೆಟ್ಟದ್ದು ಎರಡನ್ನೂ ಕೂಡಿಸಿದ ಮೊತ್ತ ಅದು.

ನೋಡಬೇಕಾದ ಮುಖ್ಯ ಸಾಲು ಎಲ್‌ಡಿಎಲ್. ರಕ್ತನಾಳದ ಗೋಡೆಯೊಳಗೆ ಸೇರಿಕೊಂಡು, ವರ್ಷಗಟ್ಟಲೆ ಸೇರುತ್ತಾ ಹೋಗಿ, ಅಲ್ಲಿ ಉರಿಯೂತ ಎಬ್ಬಿಸಿ ಗಡ್ಡೆಯಂತೆ ದಪ್ಪವಾಗುವುದು ಇದೇ. 100ರೊಳಗೆ ಇದ್ದರೆ ಒಳ್ಳೆಯದು. 130ರಿಂದ 159 ಗಡಿಯಲ್ಲಿ, 160 ದಾಟಿದರೆ ಜಾಸ್ತಿ, 190 ದಾಟಿದರೆ ತುಂಬಾ ಜಾಸ್ತಿ.

ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಅಪಾಯ ಹೆಚ್ಚು. ಆದರೆ ಔಷಧ ಕೊಟ್ಟು ಎಚ್‌ಡಿಎಲ್ ಏರಿಸಿದ ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ಆದ್ದರಿಂದ "ನನ್ನ ಎಚ್‌ಡಿಎಲ್ ಚೆನ್ನಾಗಿದೆ, ಎಲ್‌ಡಿಎಲ್ ಜಾಸ್ತಿ ಇದ್ದರೆ ಪರವಾಗಿಲ್ಲ" ಅನ್ನುವ ಲೆಕ್ಕ ನಡೆಯುವುದಿಲ್ಲ.

ಟ್ರೈಗ್ಲಿಸರೈಡ್ 150ರೊಳಗೆ ಇರಬೇಕು. 500 ದಾಟಿದರೆ ವಿಷಯವೇ ಬೇರೆ, ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವ ಭಯ ಇರುತ್ತದೆ. ಆಗ ವೈದ್ಯರನ್ನು ತಡಮಾಡದೆ ನೋಡಬೇಕು.

ಒಂದು ರಿಪೋರ್ಟನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಒಟ್ಟು 236, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 190. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, 1972ರಿಂದ ಬಳಕೆಯಲ್ಲಿರುವ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ: 38. ಈಗ 236ರಲ್ಲಿ 42 ಕಳೆದು, ಇನ್ನೊಂದು 38 ಕಳೆಯಿರಿ. ಎಲ್‌ಡಿಎಲ್ 156. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಸಂಖ್ಯೆಯನ್ನು ನೀವೇ ಹಾಕಿಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಸಿಗುವುದು ನಾನ್-ಎಚ್‌ಡಿಎಲ್. ಇಲ್ಲಿ 194. ರಕ್ತನಾಳಕ್ಕೆ ಹಾನಿ ಮಾಡುವ ಎಲ್ಲ ಕಣಗಳೂ ಇದರಲ್ಲಿ ಸೇರಿರುತ್ತವೆ, ಉಪವಾಸವೂ ಬೇಕಿಲ್ಲ. ಇದರ ಗುರಿ ಎಲ್‌ಡಿಎಲ್ ಗುರಿಗಿಂತ 30 ಜಾಸ್ತಿ ಅಂತ ಇಟ್ಟುಕೊಳ್ಳಿ. ಶುಗರ್ ಇರುವವರು, ಹೊಟ್ಟೆ ಬಂದವರು, ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಇದನ್ನು ನೋಡಲೇಬೇಕು, ಯಾಕೆಂದರೆ ಅವರಲ್ಲಿ ಎಲ್‌ಡಿಎಲ್ ಸಾಧಾರಣ ಅನ್ನಿಸಿದರೂ ಹಾನಿಕಾರಕ ಕಣಗಳ ಸಂಖ್ಯೆ ಜಾಸ್ತಿ ಇರಬಹುದು. ಅನುಮಾನ ಇದ್ದರೆ ಅಪೊಬಿ ಪರೀಕ್ಷೆ ಇದೆ, ಅದು ಆ ಕಣಗಳನ್ನೇ ಎಣಿಸಿದಂತೆ.

ಜೀವನದಲ್ಲಿ ಒಂದು ಸಲ ಲಿಪೊಪ್ರೋಟೀನ್-ಎ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಇದು ಬಹುಪಾಲು ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ, ಊಟದಿಂದ ಬದಲಾಗುವುದಿಲ್ಲ. 50 ಮಿಲಿಗ್ರಾಂ ದಾಟಿದರೆ ಉಳಿದದ್ದನ್ನೆಲ್ಲ ಇನ್ನೂ ಬಿಗಿಯಾಗಿ ಹತೋಟಿಯಲ್ಲಿ ಇಡಬೇಕು ಅಂತ ಅರ್ಥ.

ಹೆಜ್ಜೆ 4: ಜಾಸ್ತಿ ಬಂದರೆ ಮೊದಲು ಬೇರೆ ಕಾರಣ ಹುಡುಕಿ

ಕೊಲೆಸ್ಟ್ರಾಲ್ ದಿನದಿಂದ ದಿನಕ್ಕೆ ಸ್ವಲ್ಪ ಏರಿಳಿತ ಆಗುತ್ತಲೇ ಇರುತ್ತದೆ. ತುರ್ತು ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಿ.

ಆ ಎರಡನೇ ಸಲ ರಕ್ತ ಕೊಡುವಾಗಲೇ ಥೈರಾಯ್ಡ್‌ಗೆ ಟಿಎಸ್‌ಎಚ್, ಶುಗರ್‌ಗೆ ಎಚ್‌ಬಿಎ1ಸಿ, ಕಿಡ್ನಿಗೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಪ್ರೋಟೀನ್, ಲಿವರ್ ಪರೀಕ್ಷೆ, ಇಷ್ಟನ್ನೂ ಮಾಡಿಸಬೇಕಾ ಅಂತ ವೈದ್ಯರನ್ನು ಕೇಳಿ. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದ್ದರೆ ಎಲ್‌ಡಿಎಲ್ ಏರುತ್ತದೆ, ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಅದು ತಾನಾಗಿಯೇ ಇಳಿಯಬಹುದು. ಸ್ಟೀರಾಯ್ಡ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಬಿಪಿಗೆ ಕೊಡುವ ಕೆಲವು ಮೂತ್ರವರ್ಧಕಗಳೂ ಲಿಪಿಡ್ ಏರಿಸಬಹುದು. ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ವಂಶದಿಂದ ಬಂದದ್ದೇ ಅಂತ ಮೊದಲು ಅನುಮಾನಿಸಬೇಕು. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುತ್ತದೆ. ಲಿವರ್‌ನ ಜೀವಕೋಶಗಳ ಮೇಲಿರುವ ಎಲ್‌ಡಿಎಲ್ ಗ್ರಾಹಕಗಳು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕು. ಇವರಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಈ ಗ್ರಾಹಕವನ್ನು ಪತ್ತೆಹಚ್ಚಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಇಂಥವರು ಎಷ್ಟೇ ತೆಳ್ಳಗಿದ್ದರೂ, ಎಷ್ಟೇ ಪಥ್ಯ ಮಾಡಿದರೂ ಮಾತ್ರೆ ಬೇಕಾಗುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೂ ಪರೀಕ್ಷೆ ಮಾಡಿಸಲೇಬೇಕು, ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಹೆಜ್ಜೆ 5: ನಿಮ್ಮ ಅಪಾಯ ಎಷ್ಟು ಅಂತ ಲೆಕ್ಕ ಹಾಕಿಸಿ

ಮೇಲಿನ 156ರ ರಿಪೋರ್ಟನ್ನೇ ಇಬ್ಬರ ಕೈಯಲ್ಲಿ ಇಟ್ಟು ನೋಡಿ. ಒಬ್ಬರಿಗೆ 43 ವರ್ಷ, ಹೆಂಗಸು, ಬಿಪಿ 118, ಸಿಗರೇಟ್ ಇಲ್ಲ, ಶುಗರ್ ಇಲ್ಲ, ಮನೆಯಲ್ಲಿ ಯಾರಿಗೂ ಬೇಗ ಹೃದಯದ ಕಾಯಿಲೆ ಬಂದಿಲ್ಲ. ಇನ್ನೊಬ್ಬರಿಗೆ 54, ಗಂಡಸು, ಬಿಪಿ 148, ದಿನಾ ಸಿಗರೇಟ್, ತಂದೆಗೆ 50ರಲ್ಲಿ ಹೃದಯಾಘಾತ ಆಗಿತ್ತು. ಮೊದಲನೆಯವರು ಊಟ, ನಡಿಗೆ ಸರಿಮಾಡಿಕೊಂಡು ಕೆಲವು ತಿಂಗಳ ಮೇಲೆ ಮತ್ತೆ ನೋಡಬಹುದು. ಎರಡನೆಯವರಿಗೆ ವೈದ್ಯರು ಅದೇ ದಿನ ಮಾತ್ರೆಯ ಮಾತು ತೆಗೆದರೆ ಆಶ್ಚರ್ಯ ಇಲ್ಲ. ಲ್ಯಾಬ್‌ನವರು ಇಬ್ಬರ ರಿಪೋರ್ಟ್‌ನಲ್ಲೂ ಒಂದೇ ಗಡಿ ಅಚ್ಚು ಹಾಕಿರುತ್ತಾರೆ. ಅವರಿಗೆ ನಿಮ್ಮ ಬಿಪಿ ಗೊತ್ತಿಲ್ಲ, ನಿಮ್ಮ ತಂದೆಯ ವಿಷಯ ಗೊತ್ತಿಲ್ಲ.

ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಾಧ್ಯತೆ ಎಷ್ಟು ಅಂತ ಹೇಳುವ ಲೆಕ್ಕಾಚಾರಗಳಿವೆ. ಯೂರೋಪಿನ ಸ್ಕೋರ್2, ಅಮೆರಿಕದ ಪ್ರಿವೆಂಟ್, ಬ್ರಿಟನ್ನಿನ ಕ್ಯೂರಿಸ್ಕ್ ಹೀಗೆ. ವೈದ್ಯರ ಹತ್ತಿರ ನೇರವಾಗಿ ಕೇಳಿ: "ನನ್ನ ಹತ್ತು ವರ್ಷದ ಅಪಾಯ ಎಷ್ಟು ಪರ್ಸೆಂಟ್? ನನ್ನ ಎಲ್‌ಡಿಎಲ್ ಗುರಿ ಎಷ್ಟು?" ಈ ಎರಡು ಪ್ರಶ್ನೆ ಕೇಳದೆ ಎದ್ದು ಬರಬೇಡಿ. ಈ ಲೆಕ್ಕ ಎಲ್ಲರಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ. ಉದಾಹರಣೆಗೆ ದಕ್ಷಿಣ ಏಷ್ಯಾ ಮೂಲದವರು ಅನ್ನುವುದನ್ನೇ 2018ರ ಅಮೆರಿಕದ ಮಾರ್ಗಸೂಚಿ ಅಪಾಯ ಹೆಚ್ಚಿಸುವ ಅಂಶವಾಗಿ ಪಟ್ಟಿ ಮಾಡಿದೆ.

ಗುರಿಯ ಅಂದಾಜು ಹೇಳುವುದಾದರೆ, 2019ರ ಯೂರೋಪಿನ ಮಾರ್ಗಸೂಚಿ ಪ್ರಕಾರ ಈಗಾಗಲೇ ಹೃದಯಾಘಾತ ಆದಂಥ ಅತಿ ಹೆಚ್ಚು ಅಪಾಯದವರಿಗೆ ಎಲ್‌ಡಿಎಲ್ 55ರೊಳಗೆ, ಹೆಚ್ಚು ಅಪಾಯದವರಿಗೆ 70ರೊಳಗೆ, ಮಧ್ಯಮ ಅಪಾಯದವರಿಗೆ 100ರೊಳಗೆ. ಮಾತ್ರೆ ಬೇಕೋ ಬೇಡವೋ ಅಂತ ನಿಮಗೂ ವೈದ್ಯರಿಗೂ ಗೊಂದಲ ಇದ್ದರೆ ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಎಷ್ಟು ಸೇರಿದೆ ಅಂತ ನೋಡುವ ಸಿಟಿ ಸ್ಕ್ಯಾನ್ ಸಹಾಯಕ್ಕೆ ಬರುತ್ತದೆ. ಎಲ್ಲರಿಗೂ ಬೇಕಾಗಿಲ್ಲ.

ಹೆಜ್ಜೆ 6: ಊಟ, ತೂಕ, ನಡಿಗೆ

ದೇಹದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲನ್ನು ದೇಹವೇ, ಅದರಲ್ಲೂ ಲಿವರ್, ತಯಾರಿಸಿಕೊಳ್ಳುತ್ತದೆ. ಆದ್ದರಿಂದ ತಿನ್ನುವ ಪದಾರ್ಥದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅನ್ನುವುದಕ್ಕಿಂತ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಅನ್ನುವುದು ದೊಡ್ಡ ವಿಷಯ. ಈ ಕೊಬ್ಬು ಜಾಸ್ತಿಯಾದಾಗ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಬೆಣ್ಣೆ, ಕೆನೆ, ಚೀಸ್, ಕೊಬ್ಬಿನ ಮಾಂಸ, ತಾಳೆ ಎಣ್ಣೆ, ತೆಂಗಿನೆಣ್ಣೆ, ಬೇಕರಿ ತಿಂಡಿಗಳು ಇದರ ಮುಖ್ಯ ಮೂಲ.

ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಮಿತಿ ಅದರ ಶೇಕಡಾ 6 ಅಂದರೆ 120 ಕ್ಯಾಲೊರಿ, ಅಂದರೆ ಸುಮಾರು 13 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಈಗ ಒಂದು ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿ. 100 ಗ್ರಾಂಗೆ 14 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಅಂತ ಇದೆ ಅಂದುಕೊಳ್ಳಿ. ಒಂದು ಸಲಕ್ಕೆ 30 ಗ್ರಾಂ ತಿಂದರೆ 4.2 ಗ್ರಾಂ ಆಯಿತು. ಸಂಜೆ ಇನ್ನೊಮ್ಮೆ ತಿಂದರೆ 8.4. ದಿನದ ಲೆಕ್ಕದಲ್ಲಿ ಮೂರನೇ ಎರಡು ಪಾಲಿನ ಹತ್ತಿರ ಬಿಸ್ಕತ್ತಿನಲ್ಲೇ ಹೋಯಿತು, ಊಟ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ "ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ" ಅಂತ ಇದ್ದರೆ ಅದು ಟ್ರಾನ್ಸ್ ಕೊಬ್ಬು. ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವ ಈ ಕೊಬ್ಬು ಒಂದು ಚೂರೂ ಬೇಡ.

ಕೊಬ್ಬು ಬಿಟ್ಟ ಜಾಗಕ್ಕೆ ಏನು ಬರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಬೆಣ್ಣೆ ಬಿಟ್ಟು ಸಕ್ಕರೆ, ಮೈದಾ ಜಾಸ್ತಿ ಮಾಡಿದರೆ ಲಾಭ ಇಲ್ಲ, ಟ್ರೈಗ್ಲಿಸರೈಡ್ ಏರುತ್ತದೆ. ಆ ಜಾಗಕ್ಕೆ ಸೂರ್ಯಕಾಂತಿ, ಸೋಯಾ, ಕನೋಲಾ, ಆಲಿವ್‌ನಂಥ ಎಣ್ಣೆ, ಬಾದಾಮಿ, ವಾಲ್‌ನಟ್, ಮೀನು, ಬೇಳೆಕಾಳು ಬರಲಿ. ಕರಗುವ ನಾರು ದಿನಕ್ಕೆ 5ರಿಂದ 10 ಗ್ರಾಂ ಸೇರಿದರೆ ಎಲ್‌ಡಿಎಲ್ ಶೇಕಡಾ 5ರ ಆಸುಪಾಸು ಇಳಿಯುತ್ತದೆ. ಓಟ್ಸ್, ಬಾರ್ಲಿ, ಹುರುಳಿಕಾಯಿ ಬೀಜ, ಕಡಲೆ, ಸೇಬು, ಇಸಬಗೋಲು ಇವುಗಳಲ್ಲಿ ಅದು ಚೆನ್ನಾಗಿದೆ. ಸುಮಾರು 75 ಗ್ರಾಂ ಓಟ್ಸ್‌ನಲ್ಲಿ 3 ಗ್ರಾಂ ಬೀಟಾ ಗ್ಲೂಕನ್ ಅನ್ನುವ ಕರಗುವ ನಾರು ಇರುತ್ತದೆ, ಪರಿಣಾಮ ಕಾಣುವುದಕ್ಕೆ ಅಷ್ಟು ಬೇಕು. ಒಂದೇ ದಿನ ಪೂರ್ತಿ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ.

ಸೋಸದೆ ಕುದಿಸಿದ ಅಥವಾ ಫ್ರೆಂಚ್ ಪ್ರೆಸ್‌ನ ಕಾಫಿಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ಬಹುಪಾಲು ತಡೆದುಕೊಳ್ಳುತ್ತದೆ.

ನಡಿಗೆಯ ವಿಷಯ: ವಾರಕ್ಕೆ 150 ನಿಮಿಷ, ಮಾತಾಡಲು ಆಗುವಷ್ಟು ಆದರೆ ಹಾಡಲು ಆಗದಷ್ಟು ವೇಗದಲ್ಲಿ. ಇದರಿಂದ ಎಲ್‌ಡಿಎಲ್ ಹೆಚ್ಚೇನೂ ಇಳಿಯುವುದಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಬೇಕು. ಟ್ರೈಗ್ಲಿಸರೈಡ್, ಬಿಪಿ, ಶುಗರ್ ಇಳಿಯುತ್ತವೆ, ಅದೂ ಹೃದಯಕ್ಕೇ ಲಾಭ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ ತೂಕ ಇಳಿಸುವುದು, ಸಕ್ಕರೆ ಮತ್ತು ಮದ್ಯ ಬಿಡುವುದು ಬಹಳ ಬೇಗ ಫಲ ಕೊಡುತ್ತದೆ. ಸಿಗರೇಟ್ ಬಗ್ಗೆ ಉದ್ದ ಮಾತು ಬೇಡ. ಬಿಡಲೇಬೇಕು.

ಇಷ್ಟೆಲ್ಲ ಮಾಡಿದರೆ ಎಲ್‌ಡಿಎಲ್ ಸಾಮಾನ್ಯವಾಗಿ ಶೇಕಡಾ 10ರಿಂದ 15 ಇಳಿಯುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. 156 ಇದ್ದದ್ದು 133ಕ್ಕೆ ಬರಬಹುದು. ಗುರಿ 70 ಆಗಿದ್ದರೆ ಅರ್ಧಕ್ಕಿಂತ ಜಾಸ್ತಿ ಇಳಿಯಬೇಕು, ಅದು ಊಟದಿಂದಷ್ಟೇ ಆಗುವ ಕೆಲಸ ಅಲ್ಲ.

ಹೆಜ್ಜೆ 7: ಮಾತ್ರೆ

ಜನ ಹೆಚ್ಚು ಹೆದರುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲ ಆಯ್ಕೆ ಸ್ಟ್ಯಾಟಿನ್, ಅಂದರೆ ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಗ್ಗಿಸುವ ಮಾತ್ರೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಬೇರ್ಪಡಿಸಿದರು. 1987ರಲ್ಲಿ ಲೋವಾಸ್ಟ್ಯಾಟಿನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅಂದರೆ ಇದು ಹೊಸದಾಗಿ ಬಂದ ಔಷಧ ಅಲ್ಲ, ಲಕ್ಷಾಂತರ ಜನರ ಮೇಲೆ ವರ್ಷಗಟ್ಟಲೆ ಪರೀಕ್ಷೆಯಾಗಿದೆ. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ.

ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಹೆಚ್ಚು ಬಳಕೆಯಲ್ಲಿವೆ. ಮಧ್ಯಮ ಡೋಸ್ ಎಲ್‌ಡಿಎಲ್ ಅನ್ನು ಶೇಕಡಾ 30ರಿಂದ 49 ಇಳಿಸುತ್ತದೆ, ದೊಡ್ಡ ಡೋಸ್ 50 ಅಥವಾ ಜಾಸ್ತಿ. ಡೋಸ್ ಎರಡರಷ್ಟು ಮಾಡಿದರೆ ಸಿಗುವುದು ಇನ್ನೊಂದು 6 ಪರ್ಸೆಂಟ್ ಮಾತ್ರ. ಆದ್ದರಿಂದ ಗುರಿ ಮುಟ್ಟದಿದ್ದರೆ ವೈದ್ಯರು ಕರುಳು ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಗ್ಗಿಸುವ ಎಜೆಟಿಮೈಬ್ ಮಾತ್ರೆ ಸೇರಿಸಬಹುದು. ಅದರಿಂದ ಇನ್ನೂ ಶೇಕಡಾ 20ರಷ್ಟು ಇಳಿಯುತ್ತದೆ. ಅದೂ ಸಾಲದಿದ್ದರೆ ಲಿವರ್ ಇನ್ನಷ್ಟು ಎಲ್‌ಡಿಎಲ್ ಎಳೆದುಕೊಳ್ಳುವಂತೆ ಮಾಡುವ ಪಿಸಿಎಸ್‌ಕೆ9 ಇಂಜೆಕ್ಷನ್‌ಗಳಿವೆ. ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಎರಡನ್ನೂ ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ಸಿಮ್ವಾಸ್ಟ್ಯಾಟಿನ್ ಮಾತ್ರ ರಾತ್ರಿ.

ಮೈಕೈ ನೋವು ಬರುತ್ತದೆ ಅನ್ನುವ ಭಯದ ಬಗ್ಗೆ 2020ರಲ್ಲಿ ಸ್ಯಾಮ್ಸನ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಅಡ್ಡ ಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧವಿಲ್ಲದ ಮಾತ್ರೆ, ಕೆಲವು ತಿಂಗಳು ಖಾಲಿ ಡಬ್ಬಿ ಕೊಟ್ಟರು. ಔಷಧವಿಲ್ಲದ ಮಾತ್ರೆಯಲ್ಲೂ ಸುಮಾರು ಶೇಕಡಾ 90ರಷ್ಟು ತೊಂದರೆ ಹಾಗೇ ಕಂಡಿತು. ನೋವು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ನೋವಾಗಿತ್ತು. ಆದರೆ ಕಾರಣ ಹೆಚ್ಚಾಗಿ ಆ ರಾಸಾಯನಿಕ ಆಗಿರಲಿಲ್ಲ. ನಿಜಕ್ಕೂ ಸ್ಟ್ಯಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ತೊಡೆ ಅಥವಾ ಎರಡೂ ತೋಳಿನಲ್ಲಿ, ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಕಾಣುತ್ತದೆ. ಹಾಗೆ ಆದರೆ ಸುಮ್ಮನಿರಬೇಡಿ, ಹೇಳಿ. ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು. ತುಂಬಾ ನೋವು, ಬಲಹೀನತೆ ಜೊತೆಗೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಇದು ಬಹಳ ಅಪರೂಪ.

ಶುಗರ್ ಬರುವ ಅಂಚಿನಲ್ಲಿರುವವರಿಗೆ ಸ್ಟ್ಯಾಟಿನ್ ಶುಗರ್ ಅನ್ನು ಸ್ವಲ್ಪ ಏರಿಸಬಹುದು. ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ದೊಡ್ಡದು. ಗರ್ಭಿಣಿಯರು ಅಥವಾ ಮಗು ಬೇಕೆಂದಿರುವವರು ಮೊದಲೇ ತಿಳಿಸಿ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಬರೆದಾಗ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಹೇಳಲೇಬೇಕು.

ಬೆಳ್ಳುಳ್ಳಿ ಕ್ಯಾಪ್ಸೂಲ್, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ ಇವು ಸ್ಟ್ಯಾಟಿನ್ ಬದಲಿಗೆ ಆಗುತ್ತಾ ಅಂತ ಕೇಳುವವರಿಗೆ: 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇವನ್ನು 5 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್ ಜೊತೆ ಹೋಲಿಸಿದರು. 28 ದಿನದಲ್ಲಿ ಆ ಸಣ್ಣ ಮಾತ್ರೆ ಎಲ್‌ಡಿಎಲ್ ಚೆನ್ನಾಗಿ ಇಳಿಸಿತು, ಉಳಿದವು ಔಷಧವಿಲ್ಲದ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ.

ಹೆಜ್ಜೆ 8: ಮತ್ತೆ ಪರೀಕ್ಷೆ, ಮತ್ತು ಬಿಡದೆ ಮುಂದುವರಿಸುವುದು

ಮಾತ್ರೆ ಶುರು ಮಾಡಿದ ಅಥವಾ ಡೋಸ್ ಬದಲಿಸಿದ 4ರಿಂದ 12 ವಾರದೊಳಗೆ ಮತ್ತೆ ಲಿಪಿಡ್ ಪ್ರೊಫೈಲ್ ಮಾಡಿಸಿ. ಗುರಿ ಮುಟ್ಟಿದ್ದರೆ ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು. ಊಟ, ನಡಿಗೆಯಿಂದಲೇ ನೋಡೋಣ ಅಂತ ತೀರ್ಮಾನ ಮಾಡಿದವರೂ ಮೂರು ತಿಂಗಳ ಮೇಲಿನ ಒಂದು ತಾರೀಖನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ರಿಪೋರ್ಟ್ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ ಅಂತ ಬಿಡುವವರು ತುಂಬಾ ಜನ. ಅದು ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ಏರುತ್ತದೆ, ಮೈಗೆ ಗೊತ್ತೂ ಆಗುವುದಿಲ್ಲ. ಬಿಡಬೇಕು ಅನ್ನಿಸಿದರೆ ವೈದ್ಯರ ಹತ್ತಿರ ಮಾತಾಡಿ, ತೂಕ ತುಂಬಾ ಇಳಿದಿದ್ದರೆ ಡೋಸ್ ಕಡಿಮೆ ಮಾಡಲು ಆಗುತ್ತದಾ ಅಂತ ಕೇಳಿ.

ಎದೆ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ಕಾರಣವಿಲ್ಲದೆ ಬೆವರು, ಒಂದು ಕಡೆ ಬಲ ಹೋದದ್ದು, ಮಾತು ತೊದಲುವುದು ಇಂಥದ್ದು ಕಂಡರೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸುತ್ತಾ ಕೂರಬೇಡಿ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ಉಳಿದ ದಿನಗಳಲ್ಲಿ ಒಂದು ಫೈಲ್ ಇಟ್ಟುಕೊಳ್ಳಿ. ಪ್ರತಿ ರಿಪೋರ್ಟ್‌ನ ತಾರೀಖು, ಎಲ್‌ಡಿಎಲ್, ನಾನ್-ಎಚ್‌ಡಿಎಲ್, ಆಗ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮತ್ತು ಡೋಸ್, ಅವತ್ತಿನ ತೂಕ ಮತ್ತು ಬಿಪಿ, ಇಷ್ಟನ್ನು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ, ವೈದ್ಯರ ಹತ್ತಿರ ಹೋದಾಗಲೆಲ್ಲ ಮೊದಲು ಆ ಹಾಳೆಯನ್ನು ತೋರಿಸಿ.